ವಾರಕ್ಕೆ 45 ತಾಸು

ಹೊಸಪೇಟೆಯಲ್ಲಿ ಭಾನುವಾರ ರಾತ್ರಿ ಎಂಟೂವರೆ. ಅಮೆರಿಕದ ಡಲ್ಲಾಸ್‌ನಲ್ಲೂ ಕೊಲಂಬಿಯಾದ ಮೆಡೆಯೀನ್‌ನಲ್ಲೂ ಅದೇ ಭಾನುವಾರದ ಬೆಳಿಗ್ಗೆ ಹತ್ತು. ಟಿ.ಬಿ. ಡ್ಯಾಂ ರಸ್ತೆಯ ಈ ಮನೆಯ ಹಾಲ್‌ನಲ್ಲಿ ನಿಮಗೂ ಒಂದು ಕುರ್ಚಿ ಹಾಕಿದ್ದಾರೆ. ಟೀಪಾಯಿಯ ಮೇಲೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ. ಮನೆಯ ಯಜಮಾನರು ಲ್ಯಾಪ್‌ಟಾಪಿನ ವೈರನ್ನು ಟಿವಿಗೆ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸುತ್ತಿದ್ದಾರೆ. ಅಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, ಹೆಣ್ಣು ನೋಡಲು ಹೋದವರ ಹಾಗೆ ನೆಟ್ಟಗೆ ಕೂತಿದ್ದಾರೆ.

ಟಿವಿಯಲ್ಲಿ ಮೊದಲು ಮಗಳು ಬರುತ್ತಾಳೆ, ಅವಳ ತೊಡೆಯ ಮೇಲೆ ಹತ್ತು ತಿಂಗಳ ಮೊಮ್ಮಗ. “ಅಮ್ಮಾ, ಇನ್ನು ಎರಡು ನಿಮಿಷಕ್ಕೆ ಅಕಿ ಬರ್ತಾಳ. ನೀನು ಸುಮ್ನ ಕೇಳಿಸ್ಕೊ. ಜಾತಿ, ಮದುವಿ ಅಂತ ಶುರುಮಾಡಬ್ಯಾಡ.” ಅಮ್ಮ ನಿಮ್ಮ ಕಡೆ ತಿರುಗಿ ಹುಬ್ಬು ಹಾರಿಸುತ್ತಾರೆ: ನೋಡಿದಿರಾ ಇವಳ ಮಾತು!

ಬರಬೇಕಾದವಳು ಓಪೇರ್ ಹುಡುಗಿ. ಪರದೇಶದಿಂದ ಬಂದು ಒಂದು ವರ್ಷ ಮನೆಯಲ್ಲೇ ಇದ್ದು, ಮಗು ನೋಡಿಕೊಂಡು, ಜೊತೆಗೆ ಅಲ್ಲಿನ ಕಾಲೇಜಿನಲ್ಲಿ ಒಂದಿಷ್ಟು ಓದುವವಳು. ಅಮೆರಿಕದಲ್ಲಿ ಈ ಏರ್ಪಾಡು 1986ರಲ್ಲಿ ಪ್ರಯೋಗವಾಗಿ ಶುರುವಾಯಿತು. ಈಗ ಅಲ್ಲಿನ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಸಂಸ್ಥೆಗಳು ಜೆ-1 ವೀಸಾದಲ್ಲಿ ಹುಡುಗ ಹುಡುಗಿಯರನ್ನು ಕರೆಸುತ್ತವೆ. ವಯಸ್ಸು 18ರಿಂದ 26, ಶಾಲೆ ಮುಗಿಸಿರಬೇಕು, ಇಂಗ್ಲಿಷ್ ಬರಬೇಕು.

“ನಾನಿದ್ದೆನಲ್ಲ” ಎಂಬುದು ಅಮ್ಮನ ಹಳೆಯ ತಕರಾರು. ಬಾಣಂತನಕ್ಕೆ ಹೋಗಿ, ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವ ಆರು ತಿಂಗಳನ್ನು ಪೂರ್ತಿ ಕಳೆದು, ಮಂಡಿನೋವು ಹೊತ್ತುಕೊಂಡು ಬಂದಿದ್ದಾರೆ. ಇಲ್ಲಿ ತೊಂಬತ್ತು ದಾಟಿದ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮತ್ತೆ ಹೊರಡುವ ಮಾತಿಲ್ಲ. ಊರಿನಿಂದ ಗೊತ್ತಿದ್ದ ಹುಡುಗಿಯನ್ನೇ ಕಳಿಸೋಣವೆಂದರೆ ಯಜಮಾನರು ಒಪ್ಪಿಲ್ಲ. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ರಾಜತಾಂತ್ರಿಕ ಅಧಿಕಾರಿ ದೇವಯಾನಿ ಖೋಬ್ರಾಗಡೆ ಅವರ ಬಂಧನವಾದದ್ದು ಮನೆಗೆಲಸದವಳ ವೀಸಾ ಮತ್ತು ಸಂಬಳದ ವಿಚಾರಕ್ಕೇ ಎಂಬುದು ಅವರಿಗೆ ಚೆನ್ನಾಗಿ ನೆನಪಿದೆ. ದೊಡ್ಡ ಅಧಿಕಾರಿಯನ್ನೇ ಬಿಡದ ಊರಿನಲ್ಲಿ ನಮ್ಮಂಥವರ ಪಾಡೇನು ಎಂಬುದು ಅವರ ಲೆಕ್ಕ.

ಓಪೇರ್ ಇಟ್ಟುಕೊಳ್ಳುವುದೂ ಎಲ್ಲ ಕನ್ನಡಿಗರಿಗೆ ಆಗುವ ಮಾತಲ್ಲ. ಮನೆಯ ಯಜಮಾನ ಯಜಮಾನಿ ಅಮೆರಿಕದ ಪ್ರಜೆಗಳಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ವೀಸಾದಲ್ಲಿ ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಸಾಲಿನಲ್ಲಿ ನಿಂತವರಿಗೆ ಈ ಬಾಗಿಲು ಮುಚ್ಚಿದೆ. ಮಗಳು ಅಳಿಯ ಹೋದ ವರ್ಷ ಪೌರತ್ವ ತೆಗೆದುಕೊಂಡಿದ್ದರಿಂದ ಇವತ್ತಿನ ಕರೆ ಸಾಧ್ಯವಾಗಿದೆ.

ಪರದೆ ಮೂರು ಭಾಗವಾಗುತ್ತದೆ. ಗುಂಗುರು ಕೂದಲಿನ ಹುಡುಗಿ ಕೈ ಬೀಸಿ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳುತ್ತಾಳೆ. ಇಪ್ಪತ್ತೆರಡು ವರ್ಷ. ಎರಡು ವರ್ಷ ಶಿಶುವಿಹಾರದಲ್ಲಿ ಕೆಲಸ ಮಾಡಿದ್ದಾಳೆ. ಅದು ಸುಮ್ಮನೆ ಕೇಳುವ ಮಾತಲ್ಲ. ಎರಡು ವರ್ಷದೊಳಗಿನ ಮಗು ಇರುವ ಮನೆಗೆ ಬರುವವಳು ಕೂಸುಗಳನ್ನು ಕನಿಷ್ಠ 200 ತಾಸು ನೋಡಿಕೊಂಡಿದ್ದಕ್ಕೆ ದಾಖಲೆ ಕೊಡಬೇಕು. ಮಕ್ಕಳ ಬೆಳವಣಿಗೆ ಮತ್ತು ಸುರಕ್ಷತೆಯ ಬಗ್ಗೆ 32 ತಾಸಿನ ತರಬೇತಿ ಬೇರೆ. ಅವಳ ಪೊಲೀಸ್ ದಾಖಲೆ ನೋಡಿದಂತೆ ಡಲ್ಲಾಸಿನ ಮನೆಯವರದೂ ನೋಡಿದ್ದಾರೆ.

ಅಳಿಯ ಡ್ರೈವಿಂಗ್ ಬಗ್ಗೆ ಕೇಳುತ್ತಾನೆ. ಡಲ್ಲಾಸಿನಲ್ಲಿ ಕಾರು ಓಡಿಸಲು ಬಾರದಿದ್ದರೆ ಹಾಲಿನ ಡಬ್ಬಿಯೂ ಮನೆಗೆ ಬರುವುದಿಲ್ಲ. ಮಗಳು ಮಗುವಿನ ನಿದ್ದೆ, ಜ್ವರ, ಫೋನ್ ಬಳಕೆ ಎಂದು ಒಂದೊಂದೇ ವಿಚಾರ ತೆಗೆಯುತ್ತಾಳೆ. ಹುಡುಗಿ ಯೋಚಿಸಿ ಉತ್ತರಿಸುತ್ತಾಳೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಾಳೆ. ಅಮ್ಮನಿಗೆ ತಡೆಯಲಾಗುವುದಿಲ್ಲ. “ಏನ್ ತಿಂತಾಳ ಕೇಳು. ಅಡಿಗಿಮನ್ಯಾಗ ಮಾಂಸ ಮಾಡಂಗಿಲ್ಲ ಅಂತ ಈಗ್ಲೇ ಹೇಳು. ಎಣ್ಣಿ ಹಚ್ಚಿ ಎರಿಯಾಕ ಬರತೈತೇನು?” ಮಗಳು ಅನುವಾದಿಸುತ್ತಾಳೆ, ಎಣ್ಣೆಯ ವಿಷಯ ಬಿಟ್ಟು. ಹುಡುಗಿ ನಗುತ್ತ, ಮನೆಯಲ್ಲಿ ಸಸ್ಯಾಹಾರ ನಡೆಯುತ್ತದೆ, ಹೊರಗೆ ನನ್ನಿಷ್ಟದ್ದು ತಿನ್ನಬಹುದಲ್ಲವೇ ಎನ್ನುತ್ತಾಳೆ. ಅಮ್ಮ ಒಂದು ಕ್ಷಣ ತೂಗಿ, ತಲೆಯಾಡಿಸುತ್ತಾರೆ.

ಈಗ ಪ್ರಶ್ನೆ ಕೇಳುವ ಸರದಿ ಹುಡುಗಿಯದು. ಇದನ್ನು ಮಾತ್ರ ಹೊಸಪೇಟೆಯ ಈ ಹಾಲ್‌ನಲ್ಲಿ ಯಾರೂ ಎಣಿಸಿರಲಿಲ್ಲ. ಅವಳ ಕೈಯಲ್ಲೊಂದು ನೋಟ್‌ಬುಕ್ಕಿದೆ. ನನ್ನ ರೂಮಿಗೆ ಬಾಗಿಲು, ಚಿಲಕ ಇದೆಯೇ? ಮನೆಯೊಳಗೆ ಕ್ಯಾಮರಾ ಎಲ್ಲೆಲ್ಲಿ? ಕೆಲಸ ಮುಗಿದ ಮೇಲೆ ಕಾರು ಸಿಗುತ್ತದೆಯೇ? ಅವಳು ಇನ್ನೂ ಎರಡು ಮನೆಗಳ ಜೊತೆ ಮಾತಾಡುತ್ತಿದ್ದಾಳೆ, ಅದನ್ನೂ ಮುಚ್ಚಿಡುವುದಿಲ್ಲ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಸಂಬಂಧ ಕುದುರುತ್ತದೆ.

ಕೊನೆಗೆ ನೋಟ್‌ಬುಕ್ ಮಡಚಿ ನೇರ ಅಮ್ಮನನ್ನೇ ನೋಡಿ ಕೇಳುತ್ತಾಳೆ: ನೀವು ಮತ್ತೆ ಡಲ್ಲಾಸಿಗೆ ಬಂದಾಗ, ಮಗುವಿನ ವಿಷಯದಲ್ಲಿ ನಾನು ಯಾರ ಮಾತು ಕೇಳಬೇಕು?

ಮಗಳು ಅನುವಾದಿಸಲು ಹಿಂದೆಮುಂದೆ ನೋಡುತ್ತಾಳೆ. ಅಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. “ಕೂಸಿನ ತಾಯಿ ಮಾತು ಕೇಳು ಅಂತ ಹೇಳವ್ವ” ಎಂದು, ತಕ್ಷಣ ಸೇರಿಸುತ್ತಾರೆ: “ಎಣ್ಣಿ ವಿಷಯ ಒಂದು ಬಿಟ್ಟು.” ಯಜಮಾನರು ಮಿರ್ಚಿ ಬಾಯಲ್ಲಿಟ್ಟುಕೊಂಡೇ ನಗುತ್ತಾರೆ.

ಮಗಳು ಈಗ ಒಂದು ಹಾಳೆಯನ್ನು ಪರದೆಗೆ ತರುತ್ತಾಳೆ. ದಿನಕ್ಕೆ ಹತ್ತು ತಾಸಿಗಿಂತ, ವಾರಕ್ಕೆ 45 ತಾಸಿಗಿಂತ ಹೆಚ್ಚು ಕೆಲಸವಿಲ್ಲ. ವಾರಕ್ಕೆ ಒಂದೂವರೆ ದಿನ ರಜೆ, ತಿಂಗಳಲ್ಲಿ ಒಂದು ಶನಿವಾರ ಭಾನುವಾರ ಪೂರ್ತಿ ಬಿಡುವು, ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ. ಪ್ರತ್ಯೇಕ ರೂಮು. ಓದಿಗೆ 500 ಡಾಲರ್‌ವರೆಗೆ. ಕೈಖರ್ಚು ವಾರಕ್ಕೆ ಕನಿಷ್ಠ 195.75 ಡಾಲರ್. ಮಗುವಿನ ಬಟ್ಟೆ, ಊಟ, ರೂಮು ಅವಳ ಕೆಲಸ. ಮನೆಮಂದಿಯ ಪಾತ್ರೆ, ನೆಲ ಒರೆಸುವುದು ಅವಳದಲ್ಲ.

ಎಪ್ಪತ್ತೈದು ಪೈಸೆಯ ಲೆಕ್ಕ ಯಾಕೆ ಎಂದು ಯಜಮಾನರಿಗೆ ಕುತೂಹಲ. ಅಳಿಯ ಬಿಡಿಸಿ ಹೇಳುತ್ತಾನೆ. ಅಲ್ಲಿನ ಕೇಂದ್ರ ಸರ್ಕಾರದ ಕನಿಷ್ಠ ವೇತನ ತಾಸಿಗೆ 7.25 ಡಾಲರ್, 45 ತಾಸಿಗೆ 326.25. ಅದರಲ್ಲಿ ಊಟ ವಸತಿಗೆಂದು ನೂರಕ್ಕೆ 40 ಮುರಿದರೆ ಉಳಿಯುವುದು ಇಷ್ಟು. ಯಜಮಾನರು ಬೆರಳು ಮಡಚಿ, “ಅಂದ್ರ ತಾಸಿಗೆ ನಾಲ್ಕೂ ಕಾಲು ಡಾಲರ್ರು, ಸ್ವಲ್ಪ ಹೆಚ್ಚು. ಅಮೆರಿಕಾದಾಗ ಇದೇನು ದೊಡ್ಡದಲ್ಲ” ಎನ್ನುತ್ತಾರೆ.

ನಿಜವೇ. ಈ ಮಾತನ್ನೇ ಹಿಡಿದು ಕೊಲಂಬಿಯಾದ ಒಬ್ಬ ಓಪೇರ್ 2014ರಲ್ಲಿ ಡೆನ್ವರ್‌ನ ಕೋರ್ಟಿಗೆ ಹೋಗಿದ್ದಳು. ಸಂಸ್ಥೆಗಳೆಲ್ಲ ಸೇರಿಕೊಂಡು ಸಂಬಳವನ್ನು ಆ ಕನಿಷ್ಠದಲ್ಲೇ ಕಟ್ಟಿಹಾಕಿವೆ ಎಂಬುದು ದೂರು. ಸಂಸ್ಥೆಗಳು ತಪ್ಪು ಒಪ್ಪಲಿಲ್ಲ. ಆದರೆ 2019ರ ಜನವರಿಯಲ್ಲಿ ಆರೂವರೆ ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿಯಾದವು. ಅದೇ ವರ್ಷ ಮ್ಯಾಸಚೂಸೆಟ್ಸ್‌ನಲ್ಲಿ, ಮನೆಗೆಲಸದವರಿಗಾಗಿ ರಾಜ್ಯ ಮಾಡಿದ ಕಾನೂನು ಓಪೇರ್‌ಗಳಿಗೂ ಅನ್ವಯಿಸುತ್ತದೆಂದು ಮೇಲಿನ ಕೋರ್ಟು ಹೇಳಿತು. ಮನೆಯ ಸದಸ್ಯಳು ಎಂಬ ಮಾತಿನಿಂದ ಕೂಲಿಯ ಲೆಕ್ಕ ಚುಕ್ತಾ ಆಗುವುದಿಲ್ಲ ಎಂದು ಅಮೆರಿಕವೂ ಕೋರ್ಟಿನ ಕಟ್ಟೆ ಹತ್ತಿಯೇ ಕಲಿಯಬೇಕಾಯಿತು.

ಹಾಲ್‌ನ ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಾಳೆ. ಕಂಪ್ಲಿಯ ಆಚೆಯ ಹಳ್ಳಿಯವಳು, ಇವಳಿಗೂ ಇಪ್ಪತ್ತೆರಡರ ಆಸುಪಾಸು. ಅಜ್ಜಿಯನ್ನು ನೋಡಿಕೊಳ್ಳಲು ಇದೇ ಮನೆಯಲ್ಲಿದ್ದಾಳೆ. ಅಜ್ಜಿಯ ಮಂಚದ ಪಕ್ಕ ಚಾಪೆ ಹಾಕಿ ಮಲಗುತ್ತಾಳೆ, ರಾತ್ರಿ ಎರಡಕ್ಕೆ ಕರೆದರೂ ಏಳುತ್ತಾಳೆ. ಚಹಾದ ಲೋಟ ಎತ್ತಲು ಬಂದವಳು ಟಿವಿಯ ಹಾಳೆ ನೋಡುತ್ತ ನಿಂತುಬಿಟ್ಟಿದ್ದಾಳೆ. “ಅಕ್ಕಾರ, ರಜಾ ಯಾವಾಗ ಅಂತ ಮೊದ್ಲೇ ಬರದಿರತಾರೇನ್ರಿ?” ಎಂದು ಡಲ್ಲಾಸಿನ ಮಗಳನ್ನು ಕೇಳುತ್ತಾಳೆ.

“ಹೂಂ, ಬರದಿರತಾರ. ಎರಡೂ ಕಡಿಯವರು ಸಹಿ ಮಾಡ್ತಾರ.”

“ಇಕಿ ನಮ್ಮನಿ ಮಗಳಿದ್ದಂಗ, ಇಕಿಗೆ ಎಂಥಾ ಕಾಗದ” ಎನ್ನುತ್ತಾರೆ ಅಮ್ಮ. ಪ್ರೀತಿಯಿಂದಲೇ ಹೇಳಿದ್ದು, ಸುಳ್ಳೂ ಅಲ್ಲ. ದೀಪಾವಳಿಗೆ ಸೀರೆ ಕೊಡಿಸುತ್ತಾರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಆದರೆ ಮೆಡೆಯೀನ್‌ನ ಹುಡುಗಿ ಕೇಳಿದ ಒಂದು ಪ್ರಶ್ನೆಯನ್ನೂ ಕಂಪ್ಲಿ ಕಡೆಯ ಹುಡುಗಿ ಕೇಳಿಲ್ಲ. ಕೇಳಬಹುದು ಎಂದು ಅವಳಿಗೆ ಯಾರೂ ಹೇಳಿಲ್ಲ.

ನಮ್ಮಲ್ಲಿ ಕಾನೂನಿನ ಕಣ್ಣಿಗೆ ಇದು ಬಿದ್ದೇ ಇಲ್ಲವೆಂದಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು 2004ರ ಮಾತು. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರಿಂದ ನಿಷಿದ್ಧ. ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮಾಡಿದ 189ನೇ ಒಡಂಬಡಿಕೆಯನ್ನು ಮಾತ್ರ ಭಾರತ ಇನ್ನೂ ಅನುಮೋದಿಸಿಲ್ಲ. ಆದರೆ ಒಂದು ಹಾಳೆಯ ಮೇಲೆ ತಾಸು, ರಜೆ, ಸಂಬಳ ಬರೆದು ಇಬ್ಬರೂ ಸಹಿ ಹಾಕಲು ಯಾವ ಒಡಂಬಡಿಕೆಯೂ ಬೇಕಿಲ್ಲ.

ನಿಮ್ಮ ಮನೆಯಲ್ಲೂ ಸಂಡೂರು ಕಡೆಯ ತಾಂಡಾದಿಂದಲೋ ಕಂಪ್ಲಿ ಕಡೆಯ ಹಳ್ಳಿಯಿಂದಲೋ ಬಂದು ಕೂಸನ್ನೋ ಮುದುಕರನ್ನೋ ನೋಡಿಕೊಳ್ಳುವ ಹುಡುಗಿಯಿದ್ದರೆ, ಆ ಹಾಳೆಯನ್ನು ಈ ವಾರವೇ ಬರೆಯಿರಿ. ಬರೆಯುವ ಮುಂಚೆ, ನಿನಗೇನು ಕೇಳಬೇಕಿದೆ ಎಂದು ಅವಳನ್ನೇ ಮೊದಲು ಕೇಳಿ.