ಒಲೆಯ ಮೇಲಿನ ಜಾಗ ಯಾರದು

ಅಕ್ಕನ ಮಗ ಟೆಕ್ಸಸ್‌ನಲ್ಲಿದ್ದಾನೆ. ಹೋದ ವರ್ಷ ಶ್ರಾವಣದ ಹೊತ್ತಿಗೆ, ಛತ್ರಪತಿ ಸಂಭಾಜಿನಗರದಲ್ಲಿರುವ ಅವ್ವನ ಅಡುಗೆಮನೆಯನ್ನು ಹೊಸದಾಗಿ ಮಾಡಿಸಿಕೊಡುತ್ತೇನೆ ಎಂದು ಹೊರಟ. ದುಡ್ಡು ಅವನದು, ನಕ್ಷೆಯೂ ಅವನದೇ. ಆ ನಕ್ಷೆಯಲ್ಲಿ ಗ್ಯಾಸ್ ಒಲೆಯ ನೇರ ಮೇಲೆ, ನಮ್ಮಲ್ಲಿ ಚಿಮಣಿ ಕೂರಿಸುವ ಜಾಗದಲ್ಲಿ, ಒಂದು ಮೈಕ್ರೋವೇವ್ ತೂಗುತ್ತಿತ್ತು. "ಮೌಶಿ, ಅದೇ ಚಿಮಣಿ, ಅದೇ ಮೈಕ್ರೋವೇವ್, ಅದೇ ಎರಡನೇ ಓವನ್. ಮೂರು ಕೆಲಸ, ಒಂದೇ ಡಬ್ಬ. ಇಲ್ಲಿ ಎಲ್ಲರ ಮನೆಯಲ್ಲೂ ಹೀಗೇ ಇರ್ತದ" ಅಂತ ಫೋನಿನಲ್ಲಿ ಹೇಳಿದ. ನಾನಿರುವುದು ನಾಸಿಕ್‌ನಲ್ಲಿ, ಯೇವಲಾ, ವೈಜಾಪುರದ ದಾರಿ ಹಿಡಿದರೆ ನಾಲ್ಕೈದು ತಾಸಿಗೆ ಅಕ್ಕನ ಮನೆ. ಹೋಗಿ ಅಳತೆ ತೆಗೆದು, ಅಂಗಡಿ ಸುತ್ತಿ, ಒಂದು ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಎರಡನೇ ಓವನ್ ಬೇಕಾಗಿದ್ದು ಮಾತ್ರ ನಿಜ. ಭಾವ ತೀರಿಕೊಂಡ ಮೇಲೆ ಅಕ್ಕ ಮನೆಯಲ್ಲೇ ಬೇಯಿಸಿ ಮಾರಲು ಶುರು ಮಾಡಿದಳು. ವರ್ಷವಿಡೀ ಮೊಟ್ಟೆಯಿಲ್ಲದ ಕೇಕು, ದೀಪಾವಳಿಗೆ ನಾನಖಟಾಯಿ ಮತ್ತು ಖಾರಾ ಬಿಸ್ಕೀಟು. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ. ಇರುವುದು ಒಂದೇ ಓಟಿಜಿ. ಅದರಲ್ಲಿ ಒಂದು ಸಲಕ್ಕೆ ಒಂದೇ ತಟ್ಟೆ ಬಿಸ್ಕೀಟು ಸರಿಯಾಗಿ ಬೇಯುತ್ತದೆ. ಎರಡು ತಟ್ಟೆ ಇಟ್ಟರೆ ಮೇಲಿನದು ಕೆಂಪಾಗುವಷ್ಟರಲ್ಲಿ ಕೆಳಗಿನದರ ತಳ ಕರಿದಾಗಿರುತ್ತದೆ. ಹಬ್ಬದ ಹಿಂದಿನ ಎರಡು ವಾರ ಅವಳು ರಾತ್ರಿ ಒಂದರ ತನಕ ಎಚ್ಚರವಿರುತ್ತಾಳೆ. ಮಗನಿಗೆ ಇದು ಅವ್ವನ ಹವ್ಯಾಸ. ಅವಳ ನೋಟ್‌ಬುಕ್ ನೋಡಿದವರಿಗೆ ಗೊತ್ತು, ಮನೆಯ ಔಷಧ ಮತ್ತು ಕರೆಂಟಿನ ಬಿಲ್ಲು ಹೋಗುವುದು ಅದರಿಂದಲೇ.

ನಾವು ಕಲಬುರಗಿಯವರು. ಔರಂಗಾಬಾದಿಗೆ ಹೆಣ್ಣು ಕೊಡುವುದು ನಮ್ಮ ಕಡೆ ದೂರದ ಸಂಬಂಧ ಅನ್ನಿಸುತ್ತಿರಲಿಲ್ಲ. 1956ರ ತನಕ ಎರಡೂ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ. ಈಗಲೂ ಸೆಪ್ಟೆಂಬರ್ 17ರಂದು ಅಕ್ಕನ ತವರಿನಲ್ಲಿ ಕಲ್ಯಾಣ ಕರ್ನಾಟಕ ಉತ್ಸವ, ಗಂಡನ ಮನೆಯೂರಿನಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಬಾವುಟ ಏರುವುದು ಒಂದೇ ಬೆಳಿಗ್ಗೆ. ಎರಡೂ ಕಡೆ ರೊಟ್ಟಿ ಜೋಳದ್ದು. ಎರಡೂ ಕಡೆ ಮನೆಯೊಳಗೆ ಓವನ್ ಇರುತ್ತಿರಲಿಲ್ಲ, ಅದು ಓಣಿಯಲ್ಲಿರುತ್ತಿತ್ತು. ದೀಪಾವಳಿ ಹತ್ತಿರ ಬಂದಾಗ ಮೈದಾ, ಸಕ್ಕರೆ, ತುಪ್ಪ ತೂಕ ಮಾಡಿಕೊಂಡು ಬೇಕರಿಯ ಭಟ್ಟಿಗೆ ಹೋಗುವುದು, ಸರದಿ ಬಂದಾಗ ನಮ್ಮ ತಟ್ಟೆ ಒಳಗೆ ಹೋಗುವುದು, ಬಿಸಿ ನಾನಖಟಾಯಿಯನ್ನು ಹಿಟ್ಟಿನ ಡಬ್ಬಿಯಲ್ಲಿ ತುಂಬಿಕೊಂಡು ಬರುವುದು. ಸಂಭಾಜಿನಗರದ ಹಳೇ ಪೇಟೆಯಲ್ಲಿ ನಾನ್ ಖಲಿಯಾದ ನಾನ್ ಇವತ್ತಿಗೂ ದೊಡ್ಡ ತಂದೂರಿನಿಂದಲೇ ಬರುತ್ತದೆ. ಮನೆಯಲ್ಲಿ ಮಾಡುತ್ತೇನೆ ಎಂದು ಹಟ ಹಿಡಿದವರನ್ನು ನಾನು ಕಂಡಿಲ್ಲ. ಅಕ್ಕನ ಓಣಿಯ ಬೇಕರಿಯವರು ಭಟ್ಟಿ ತೆಗೆದು ಯಂತ್ರ ಹಾಕಿಸಿದ ಮೇಲೆ ಹೊರಗಿನವರ ತಟ್ಟೆ ತೆಗೆದುಕೊಳ್ಳುವುದನ್ನು ಬಿಟ್ಟರು. ಅಲ್ಲಿಯ ತನಕ ಅವಳಿಗೆ ಎರಡನೇ ಓವನ್ ಅಂದರೆ ಅದೇ ಆಗಿತ್ತು.

ಈಗ ಅಮೆರಿಕದ ಆ ಡಬ್ಬಕ್ಕೆ ಬರೋಣ. ಅಲ್ಲಿ ಅದಕ್ಕೆ ಅರ್ಥವಿದೆ, ಅದನ್ನು ಹೇಳಲೇಬೇಕು. ಅಲ್ಲಿನ ಅಡುಗೆಮನೆಯಲ್ಲಿ ಒಲೆಯೂ ಓವನ್ನೂ ಸೇರಿ ನೆಲದಿಂದಲೇ ನಿಂತ 30 ಅಂಗುಲ ಅಗಲದ ಒಂದು ಘಟಕ. ಅದರ ಮೇಲಿನ ಕಪಾಟಿನ ಕೆಳಗೆ, ಅದೇ ಅಗಲದ ಮೈಕ್ರೋವೇವ್. ಕಟ್ಟೆಯ ಜಾಗ ಉಳಿಯುತ್ತದೆ. ಅದರ ಹೊಟ್ಟೆಯಲ್ಲಿ ಹೊಗೆ ಎಳೆಯುವ ಫ್ಯಾನೂ ದೀಪವೂ ಇರುತ್ತವೆ. ಕೆಲವು ಮಾದರಿಗಳಲ್ಲಿ ಕನ್ವೆಕ್ಷನ್ ಕೂಡ ಇರುತ್ತದೆ, ಅಂದರೆ ಬಿಸಿ ಗಾಳಿ ತಿರುಗಿಸುವ ಫ್ಯಾನು ಮತ್ತು ಕಾಯಿಸುವ ಕಂಬಿ. ಕೆಳಗಿನ ಓವನ್ನಿನಲ್ಲಿ ಟರ್ಕಿ ಕೋಳಿ ಬೇಯುತ್ತಿರುವಾಗ ಮೇಲೆ ಕೇಕು ಇಡಬಹುದು. ವರ್ಷಕ್ಕೊಮ್ಮೆ ಎರಡು ಓವನ್ ಬೇಕಾಗುವ ಮನೆಗೆ ಅದು ಸರಿಯಾದ ಉತ್ತರ.

ನಾನು ಟೇಪು ಹಿಡಿದು ಅಕ್ಕನ ಅಡುಗೆಮನೆಗೆ ಹೋದೆ. ಅಲ್ಲಿನ ಕಟ್ಟೆಯ ಎತ್ತರ 36 ಅಂಗುಲ. ಆ ಮೈಕ್ರೋವೇವಿನ ತಳ ಒಲೆಯಿಂದ ಸುಮಾರು 13-14 ಅಂಗುಲ ಮೇಲೆ. ಅಕ್ಕನ ಕಟ್ಟೆ 32 ಅಂಗುಲ. ಆದರೆ ನಮ್ಮ ಒಲೆ ಕಟ್ಟೆಯೊಳಗೆ ಹುದುಗಿಲ್ಲ, ಕಟ್ಟೆಯ ಮೇಲೆ ಕಾಲೂರಿ ನಿಂತಿದೆ. ಅದಕ್ಕೇ 5 ಅಂಗುಲ ಹೋಯಿತು. ಉಳಿದ ಎಂಟೊಂಬತ್ತು ಅಂಗುಲದಲ್ಲಿ ಐದು ಲೀಟರಿನ ಕುಕ್ಕರ್ ಇಟ್ಟರೆ ಸೀಟಿ ಏಳಲು ಜಾಗವಿಲ್ಲ. ಎದ್ದರೂ ಉಗಿ ನೇರ ಮೈಕ್ರೋವೇವಿನ ಹೊಟ್ಟೆಗೆ. ಸರಿ, ಮೇಲೆ ಎತ್ತೋಣ, ಚಿಮಣಿಯ ಹಾಗೆ ಒಲೆಯಿಂದ 26 ಅಂಗುಲ ಬಿಡೋಣ ಅಂದುಕೊಂಡರೆ, ನೆಲದಿಂದ ಅದರ ತಳಕ್ಕೆ 63 ಅಂಗುಲ ಬಂತು. ಅಕ್ಕನ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. ಅಂದರೆ 59.

ಅವಳು ಗೋಡೆಯ ಮೇಲೆ ನಾನು ಎಳೆದ ಪೆನ್ಸಿಲ್ ಗೆರೆಯನ್ನು ತಲೆಯೆತ್ತಿ ನೋಡಿದಳು. "ಉರಿಯೋ ಒಲಿ ಮ್ಯಾಲ ಕೈ ಚಾಚಿ, ತಲಿ ಮ್ಯಾಲಿಂದ ಬಿಸಿ ಡಬ್ಬಿ ಇಳಸ್ಲಿಕ್ಕೆ ನಾ ಏನ್ ಸರ್ಕಸ್‌ನಾಕಿ ಏನವ್ವ?"

ಹಾಲು ಕಾಯಿಸುವುದಕ್ಕೆ ಮಾತ್ರವಾದರೆ ಹೇಗೋ ನಡೆದೀತು. 180 ಡಿಗ್ರಿಯಲ್ಲಿ ಕಾದ ಕೇಕಿನ ಡಬ್ಬಿಯನ್ನು ಎರಡು ಕೈಯಲ್ಲಿ ಬಟ್ಟೆ ಹಿಡಿದು ತೆಗೆಯಬೇಕು, ಒಳಗೆ ಇಣುಕಿ ನೋಡಬೇಕು, ಕಡ್ಡಿ ಚುಚ್ಚಬೇಕು. ಓವನ್ನಿನ ಜಾಗ ಸೊಂಟದಿಂದ ಎದೆಯ ನಡುವೆ. ನನ್ನ ಮಟ್ಟಿಗೆ ಇದರಲ್ಲಿ ರಾಜಿಯೇ ಇಲ್ಲ.

ಹೊಗೆಯ ಲೆಕ್ಕವೂ ಹೊಂದಲಿಲ್ಲ. ಆ ಡಬ್ಬಗಳ ಫ್ಯಾನು ಸಾಮಾನ್ಯವಾಗಿ ನಿಮಿಷಕ್ಕೆ 300ರಿಂದ 400 ಘನ ಅಡಿ ಗಾಳಿ ಎಳೆಯುತ್ತದೆ. ನಮ್ಮ ಅಳತೆಯಲ್ಲಿ ಗಂಟೆಗೆ 500ರಿಂದ 700 ಘನ ಮೀಟರ್. ಇಲ್ಲಿ ಮಾರುವ ಚಿಮಣಿಗಳ ಮೇಲೆ 1,000, 1,200 ಎಂದು ಬರೆದಿರುತ್ತಾರೆ. ಬರೆದದ್ದನ್ನು ಪೂರ್ತಿ ನಂಬಬೇಕಿಲ್ಲ, ಆದರೂ ಅಂತರ ದೊಡ್ಡದು. ಅದೂ ಅಲ್ಲದೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಆ ಫ್ಯಾನು ಹೊಗೆಯನ್ನು ಹೊರಗೆ ಹಾಕುವುದೇ ಇಲ್ಲ, ಇದ್ದಿಲಿನ ಜರಡಿಯಲ್ಲಿ ಸೋಸಿ ಅಡುಗೆಮನೆಗೇ ವಾಪಸು ಬಿಡುತ್ತದೆ. ಒಣಮೆಣಸಿನಕಾಯಿಯ ಒಗ್ಗರಣೆಗೆ ಅಂಥ ಜರಡಿ ಎಷ್ಟು ದಿನ ತಾಳೀತು? ಅಕ್ಕನ ಅತ್ತೆಗೆ ಉಬ್ಬಸ ಬೇರೆ.

ಇನ್ನು ಅಲ್ಲಿಂದಲೇ ತರಿಸುವ ಮಾತು. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230, 50. ಮುಗಿಯಿತು. ಜಾಲ್ನಾ ರಸ್ತೆಯ ಅಂಗಡಿಗಳಲ್ಲೂ ನಾಸಿಕ್‌ನ ಕಾಲೇಜ್ ರೋಡಿನಲ್ಲೂ ನಾನು ಕೇಳಿದೆ, ಒಲೆಯ ಮೇಲೆ ಕೂರಿಸಲೆಂದೇ ಮಾಡಿದ ಮೈಕ್ರೋವೇವ್ ಯಾರ ಬಳಿಯೂ ಇರಲಿಲ್ಲ. ಕಪಾಟಿನೊಳಗೆ ಕೂರಿಸುವ ಮಾದರಿಗಳಿದ್ದವು. "ಅದನ್ನೇ ಒಲೆ ಮೇಲೆ ಫಿಟ್ ಮಾಡಿಕೊಡ್ತೀವಿ ಮ್ಯಾಡಮ್" ಎಂದು ಮಾಡ್ಯುಲರ್ ಕಿಚನ್‌ನವನೊಬ್ಬ ಧೈರ್ಯವಾಗಿ ಹೇಳಿದ. ನಿಮಗೂ ಯಾರಾದರೂ ಹಾಗೆ ಹೇಳಿದರೆ, ಬೇಡ ಎನ್ನಿ. ಕೆಳಗಿನಿಂದ ಬರುವ ಉರಿ, ಉಗಿ, ಎಣ್ಣೆಯ ಪಸೆ ತಡೆಯುವಂತೆ ಆ ಯಂತ್ರದ ತಳವನ್ನು ಮಾಡಿರುವುದಿಲ್ಲ.

ಇದರ ಬಗ್ಗೆ ನನಗಿಂತ ಚೆನ್ನಾಗಿ ಹೇಳಿದವರು ಅಕ್ಕನ ಓಣಿಯ ರಿಪೇರಿಯವರು. ಒಂದು ಕಾಲಕ್ಕೆ ವಿಡಿಯೊಕಾನ್‌ನಲ್ಲಿ ಕೆಲಸ ಮಾಡಿದವರು. ಅದು ಈ ಊರಿನದೇ ಕಂಪನಿ, ಪೈಠಣ ರಸ್ತೆಯ ಚಿತೇಗಾಂವ್‌ನಲ್ಲಿ ದೊಡ್ಡ ಕಾರ್ಖಾನೆ. 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅವರು ಒಂದು ಹಳೇ ಮೈಕ್ರೋವೇವಿನ ಬಾಗಿಲು ತೆಗೆದು ಬಲಗೋಡೆಯಲ್ಲಿ ಅಂಗೈಯಗಲದ ಒಂದು ಹಾಳೆ ತೋರಿಸಿದರು. ಅಭ್ರಕದ ಹಾಳೆ. ಅಲೆಗಳು ಒಳಗೆ ಬರುವ ಬಾಗಿಲಿಗೆ ಅದು ಪರದೆ. ಅದರ ಮೇಲೆ ಎಣ್ಣೆ, ಸಾರು ಸಿಡಿದು ಕೂತರೆ ಆ ಜಾಗ ಸುಟ್ಟು ಕರಕಲಾಗುತ್ತದೆ, ಕಿಡಿ ಹಾರುತ್ತದೆ. ಜನ ಯಂತ್ರವೇ ಹೋಯಿತು ಅಂದುಕೊಳ್ಳುತ್ತಾರೆ. ಹಾಳೆ ಬದಲಿಸಿದರೆ ಸಾಕು, ಅಗ್ಗದ ವಸ್ತು. "ಹಿಂದಿನ ಜಾಲರಿಯಿಂದ ಎಣ್ಣೆ ಹೊಗೆ ಹೋಗ್ತದೆ, ಬೆಚ್ಚಗಿರ್ತದೆ ಅಂತ ಜಿರಳೆಯೂ ಹೋಗ್ತದೆ. ಒಲೆ ಪಕ್ಕ ಇಟ್ಟವರೇ ನನ್ನ ಗಿರಾಕಿಗಳು" ಅಂದರು ಮರಾಠಿಯಲ್ಲಿ. ಬಿಚ್ಚುವ ಸಾಹಸ ಮನೆಯವರು ಮಾಡಕೂಡದು, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟು ಉಳಿದಿರಬಹುದು ಎಂದೂ ಹೇಳಿದರು.

ಹಾಗಾದರೆ ಮೈಕ್ರೋವೇವ್ ಎರಡನೇ ಓವನ್ ಆಗಬಲ್ಲದೇ? ಒಲೆಯ ಮೇಲಿನ ಜಾಗ ಬಿಟ್ಟ ಮೇಲೂ ಈ ಪ್ರಶ್ನೆ ಉಳಿಯುತ್ತದೆ. 1945ರಲ್ಲಿ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್ ರಡಾರಿನ ಮ್ಯಾಗ್ನೆಟ್ರಾನ್‌ನಿಂದ ಆಹಾರ ಬಿಸಿ ಮಾಡುವ ದಾರಿ ಕಂಡುಕೊಂಡ. ಆ ಅಲೆಗಳು ಮುಖ್ಯವಾಗಿ ಆಹಾರದಲ್ಲಿರುವ ನೀರನ್ನು ಬಿಸಿ ಮಾಡುತ್ತವೆ. ನೀರಿರುವ ತನಕ 100 ಡಿಗ್ರಿಯ ಆಚೆ ಹೋಗುವುದು ಕಷ್ಟ. ಬಿಸ್ಕೀಟು ಕೆಂಪಗಾಗಲು ಅದರ ಮೈ 140 ಡಿಗ್ರಿ ದಾಟಬೇಕು. ಆದ್ದರಿಂದ ಬರೀ ಮೈಕ್ರೋವೇವ್‌ನಲ್ಲಿ ಬೇಯಿಸಿದ ಕೇಕು ಇಡ್ಲಿಯ ಅಣ್ಣ. ಕನ್ವೆಕ್ಷನ್ ಇದ್ದರೆ ಮಾತು ಬೇರೆ: ಆಗ ಅಲೆಗಳನ್ನು ಬಂದು ಮಾಡಿ ಬರೀ ಬಿಸಿ ಗಾಳಿಯಲ್ಲಿ ಬೇಯಿಸಬಹುದು, ಅಲ್ಯೂಮಿನಿಯಮ್ ಡಬ್ಬಿಯನ್ನೂ ಇಡಬಹುದು.

ಆದರೆ ಅದರ ಗಾಳಿ ಹಿಂದಿನಿಂದಲೋ ಮೇಲಿನಿಂದಲೋ ಬರುತ್ತದೆ. ಓಟಿಜಿಯಲ್ಲಿರುವಂತೆ ತಟ್ಟೆಯ ಅಡಿಯಲ್ಲಿ ಕೆಂಪಗೆ ಕಾಯುವ ಕಂಬಿ ಸಾಮಾನ್ಯವಾಗಿ ಇರುವುದಿಲ್ಲ. ನಾನಖಟಾಯಿಗೆ ತಳದ ಬಿಸಿ ಬೇಕು, ಇಲ್ಲದಿದ್ದರೆ ಮೇಲೆ ಬಿರಿದು ಕೆಳಗೆ ಮೆತ್ತಗಿರುತ್ತದೆ. ಕೇಕಿಗೆ ಅಷ್ಟು ಹಟವಿಲ್ಲ. ಅಕ್ಕನಿಗೆ ಇದನ್ನು ಹೇಳುತ್ತಿದ್ದಂತೆ ಅವಳೇ ಕೆಲಸ ಹಂಚಿಬಿಟ್ಟಳು: ಬಿಸ್ಕೀಟು ಹಳೇ ಓಟಿಜಿಗೆ, ಕೇಕು ಹೊಸದಕ್ಕೆ. ಇನ್ನೊಂದು ಓಟಿಜಿ ತಗೋ, ಅಗ್ಗ, ಗಟ್ಟಿ ಎಂದು ನಾನಂದೆ. ನಿಜಕ್ಕೂ ಬೇಯಿಸಿ ಮಾರುವವರಿಗೆ ನನ್ನ ಮೊದಲ ಸಲಹೆ ಈಗಲೂ ಅದೇ. ಅವಳು ಒಪ್ಪಲಿಲ್ಲ. ಅತ್ತೆ ರಾತ್ರಿ ಎರಡಕ್ಕೆ ಎದ್ದು ಹಾಲು ಕೇಳುತ್ತಾರೆ, ಗಂಜಿ ಕೇಳುತ್ತಾರೆ. ನಿದ್ದೆಗಣ್ಣಿನಲ್ಲಿ ಗ್ಯಾಸು ಹಚ್ಚುವುದು ಅವಳಿಗೆ ಬೇಡವಾಗಿತ್ತು. ಓಟಿಜಿ ಆ ಕೆಲಸ ಮಾಡುವುದಿಲ್ಲ.

ಅಂಗಡಿಗೆ ನಾವು ಅಕ್ಕನ ಕೇಕಿನ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆವು. ನೀವೂ ಹಾಗೇ ಮಾಡಿ. ಲೀಟರಿನ ಅಂಕಿ ಏನೂ ಹೇಳುವುದಿಲ್ಲ. 28 ಲೀಟರಿನ ಯಂತ್ರದಲ್ಲಿ ತಿರುಗುವ ಗಾಜಿನ ತಟ್ಟೆ ಸುಮಾರು 12 ಅಂಗುಲ. ಎಂಟು ಅಂಗುಲದ ಚೌಕ ಡಬ್ಬಿ ಮೂಲೆಯಿಂದ ಮೂಲೆಗೆ 11 ಅಂಗುಲ ದಾಟುತ್ತದೆ, ಅದರ ಅಂಚು ಸೇರಿದರೆ ತಿರುಗುವಾಗ ಗೋಡೆಗೆ ಬಡಿಯುತ್ತದೋ ಇಲ್ಲವೋ ಎಂಬುದು ಇಟ್ಟು ತಿರುಗಿಸಿದರೆ ಮಾತ್ರ ಗೊತ್ತಾಗುವುದು. ಮಾರುವ ಹುಡುಗ 200 ಬಗೆಯ ಆಟೊ ಮೆನು ಓದುತ್ತಿದ್ದ. ಅಕ್ಕ ಡಬ್ಬಿ ಇಟ್ಟು ತಟ್ಟೆ ತಿರುಗಿಸುತ್ತಿದ್ದಳು. ಮೂರು ಯಂತ್ರ ಅಲ್ಲೇ ನಪಾಸಾದವು. ನಾಲ್ಕನೆಯದರ ಬಾಗಿಲು ಎಡಕ್ಕೆ ತೆರೆಯುತ್ತಿತ್ತು, ಅವಳ ಕಟ್ಟೆಯ ಬಲತುದಿಗೆ ಹೊಂದುತ್ತಿತ್ತು. 32 ಲೀಟರ್. ಅದಾಯಿತು.

ಎಲೆಕ್ಟ್ರಿಷಿಯನ್ ಬಂದದ್ದು ಮಾತ್ರ ಒಳ್ಳೆಯದಾಯಿತು. ಕನ್ವೆಕ್ಷನ್‌ನಲ್ಲಿ ಆ ಯಂತ್ರ 2,400 ವ್ಯಾಟ್ ಎಳೆಯುತ್ತದೆ, ಅಂದರೆ ಹತ್ತೂವರೆ ಆಂಪಿಯರ್‌ನಷ್ಟು. ಮಿಕ್ಸರಿನ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸುವ ಹಾಗಿಲ್ಲ. ಜೊತೆಗೆ ಓಟಿಜಿಯೂ ನಡೆಯಬೇಕು, ಒಟ್ಟು ನಾಲ್ಕು ಕಿಲೊವ್ಯಾಟ್ ದಾಟುತ್ತದೆ. ಮೀಟರಿನ ಬೋರ್ಡಿನಿಂದ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇರೆಯಾಗಿಯೇ ಎಳೆಸಿ, ಎರಡು ಓವನ್ನಿಗೂ ಬೇರೆ ಬೇರೆ 16 ಆಂಪಿಯರ್ ಸಾಕೆಟ್ ಹಾಕಿಸಿ, ಮಹಾವಿತರಣದಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿಕೊಂಡೆವು. ಎರಡನೇ ಓವನ್ ಕೊಳ್ಳುವವರು ಮೊದಲು ನೋಡಬೇಕಾದ ಕಾಗದ ಆ ಬಿಲ್ಲು. ಯಾವ ಕ್ಯಾಟಲಾಗಿನಲ್ಲೂ ಇದು ಇರುವುದಿಲ್ಲ.

ಮಗನಿಗೆ ಬೇಜಾರಾಯಿತು. ನಕ್ಷೆಯಲ್ಲಿ ಅಷ್ಟು ಚೆಂದ ಕಂಡದ್ದು ಇಲ್ಲದಾಯಿತಲ್ಲ. ಅಕ್ಕ ವಿಡಿಯೊ ಕಾಲ್‌ನಲ್ಲಿ ಗೋಡೆಯ ಗೆರೆಯ ಪಕ್ಕ ನಿಂತು ಕೈಯೆತ್ತಿ ತೋರಿಸಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತವ್ವ, ಹೊರಗೆ ಹೊಗೆ ಹಾಕೋ ಚಿಮಣಿನೇ ಹಾಕಿಸು" ಅಂದ. ಚಿಮಣಿ, ಕಟ್ಟೆ, ತಂತಿಯ ದುಡ್ಡು ಅವನು ಕಳಿಸಿದ. ಓವನ್ನಿನ ದುಡ್ಡು ಕಳಿಸಬೇಡ ಎಂದಳು. ಅದನ್ನು ಕೇಕಿನ ದುಡ್ಡಿನಲ್ಲೇ ಕೊಂಡಳು, ಬಿಲ್ಲು ತನ್ನ ಹೆಸರಿನಲ್ಲೇ ಮಾಡಿಸಿದಳು.

ದೀಪಾವಳಿಗೆ ಮುಂಚೆ ಫೋನು ಮಾಡಿದ್ದಳು. ಮೊದಲ ಕೇಕು ಇಟ್ಟಾಗ ಮೀಟರಿನ ಮುಂದೆ ನಿಂತು ಅಂಕಿ ಬರೆದುಕೊಂಡಿದ್ದಾಳೆ: ಕಾಯಿಸುವುದೂ ಸೇರಿ ಒಂದು ಕೇಕಿಗೆ ಒಂದು ಯೂನಿಟ್ ಮೇಲೆ ಚೂರು. ಇಷ್ಟು ವರ್ಷ ಕರೆಂಟನ್ನು ಮನೆಖರ್ಚು ಎಂದೇ ಬಿಟ್ಟಿದ್ದಳು. ಈ ಸಲ ಅದನ್ನೂ ರಾತ್ರಿಯ ತಾಸುಗಳನ್ನೂ ನೋಟ್‌ಬುಕ್ಕಿನಲ್ಲಿ ಹಾಕಿ, ಅರ್ಧ ಕಿಲೊ ಕೇಕಿಗೆ ನಲವತ್ತು ರೂಪಾಯಿ ಏರಿಸಿದಳು. ಇಬ್ಬರು ಗಿರಾಕಿಗಳು ಮುಖ ಸಣ್ಣದು ಮಾಡಿದರಂತೆ. ಒಬ್ಬರು ವಾಪಸು ಬಂದರು.