ತಮಾ, ಅಲ್ಲಾಡ್ಸಡ!
2010ರ ಜುಲೈ. ಇಂಜಿನಿಯರಿಂಗಿನಲ್ಲಿ ಎರಡು ಸಬ್ಜೆಕ್ಟ್ ಹೋಗಿ ಕರ್ಕಿಗೆ ಬಂದು ಕೂತಿದ್ದೆ. ಮನೆಯಲ್ಲಿ ಯಾರೂ ಬೈಯಲಿಲ್ಲ, ಅದೇ ಕಷ್ಟ. ಹ್ಯಾಮ್ ರೇಡಿಯೊ ಹುಚ್ಚಿನ ಮಾವ ಮಾತ್ರ ಕೈಗೆ ಆಂಟೆನಾ ಕೊಟ್ಟ. ‘ತಮಾ, ಅಲ್ಲಾಡ್ಸಡ!’

12ರಂದು ಪಿಎಸ್‌ಎಲ್‌ವಿ ಹೊತ್ತೊಯ್ದಿದ್ದ ಸ್ಟಡ್‌ಸ್ಯಾಟ್ ಬೆಂಗಳೂರು, ಹೈದರಾಬಾದಿನ ಏಳು ಕಾಲೇಜುಗಳ ಹುಡುಗರು ಕಟ್ಟಿದ್ದು. ತೂಕ ಒಂದು ಕೆ.ಜಿ.ಗೂ ಕಡಿಮೆ! ಕಮಾಂಡ್ ಹೋಗೋದು ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಿಂದ. ಆದರೆ ಅಲ್ಲಿಗೆ ಅದು ಸಿಗೋದು ಒಮ್ಮೆಗೆ ಕೆಲವೇ ನಿಮಿಷ. ಉಳಿದ ಹೊತ್ತು ಜೀವ ಇದೆಯಾ ಅಂತ ಹೇಳಬೇಕಾದವರು ದೇಶದೇಶದ ಹ್ಯಾಮ್‌ಗಳು.

ಜಡಿಮಳೆ. ಕೈ ಸೋತಿತ್ತು. ಗೊರಗೊರ ಸದ್ದಿನ ನಡುವೆ ಸಣ್ಣಗೆ ಪೀಂ... ಪೀಂಪೀಂ. ಮಾವ ಅರ್ಧಂಬರ್ಧ ಮೋರ್ಸ್ ಬರೆದುಕೊಂಡು, ಅಷ್ಟನ್ನೇ ಮೇಲ್ ಮಾಡಿದ. ಮೇಲೆ ಕೂಗುತ್ತಿದ್ದುದು ನನ್ನದೇ ವಯಸ್ಸಿನವರ ಕೈಕೆಲಸ.

ರಾತ್ರಿ ಯಾರಿಗೂ ಹೇಳದೆ ಸಿಗ್ನಲ್ಸ್ ಪುಸ್ತಕ ತೆಗೆದೆ.