ವೇಗೋತ್ಕರ್ಷ: ಒಂದು ಸೂತ್ರದ ಅರ್ಥವಿಚಾರ

ಸೂತ್ರವೆಂಬುದು ನೆನಪಿನ ಅನುಕೂಲಕ್ಕಾಗಿ ಸಂಕ್ಷೇಪಿಸಿದ ಅರ್ಥ. ಮಠದಲ್ಲಿ ನಾವು ವ್ಯಾಕರಣ ಓದುತ್ತಿದ್ದಾಗ ಸೂತ್ರವನ್ನು ಒಪ್ಪಿಸಿದ ಮಾತ್ರಕ್ಕೆ ಗುರುಗಳು ಮುಂದಿನ ಪಾಠಕ್ಕೆ ಬಿಡುತ್ತಿರಲಿಲ್ಲ. ಅದರ ವೃತ್ತಿಯನ್ನೂ ಉದಾಹರಣೆಯನ್ನೂ ಹೇಳಬೇಕಾಗಿತ್ತು. ಶೆಟ್ಟಿಹಳ್ಳಿಯ ನಮ್ಮ ಮನೆಗೆ ಸಂಸ್ಕೃತ ಪಾಠಕ್ಕೆ ಬರುವ ಒಂಬತ್ತನೆಯ ತರಗತಿಯ ಮಕ್ಕಳು ಚಲನೆಯ ಮೂರು ಸಮೀಕರಣಗಳನ್ನು ಉರುಹಚ್ಚುವುದನ್ನು ಕೇಳುತ್ತೇವೆ. ಒಪ್ಪಿಸುವುದರಲ್ಲಿ ಒಂದಕ್ಷರ ತಪ್ಪುವುದಿಲ್ಲ. ಅರ್ಥ ಕೇಳಿದರೆ ಮಾತ್ರ ಮೌನ.

ವೇಗೋತ್ಕರ್ಷವೆಂಬ ಪದವನ್ನು ಬಿಡಿಸಿದರೆ ಅರ್ಧ ಪಾಠ ಮುಗಿಯುತ್ತದೆ. ವೇಗ, ಉತ್ಕರ್ಷ, ಗುಣಸಂಧಿ. ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಎಷ್ಟು ದೂರ ಸಾಗಿದೆವೆಂಬುದು ವೇಗ. ಆ ವೇಗವೇ ಸೆಕೆಂಡಿಗೆ ಎಷ್ಟು ಬದಲಾಯಿತೆಂಬುದು ವೇಗೋತ್ಕರ್ಷ. 2015ರಲ್ಲಿ ನಮ್ಮ ಸಮೀಪದ ಜಾಲಹಳ್ಳಿಗೆ ಮೆಟ್ರೊ ರೈಲು ಬಂದ ಮೇಲೆ ಇದನ್ನು ತಿಳಿಸುವುದು ಸುಲಭವಾಗಿದೆ. ರೈಲು ಹೊರಟಾಗ ನಿಂತವರ ಮೈ ಹಿಂದಕ್ಕೆ ವಾಲುತ್ತದೆ, ನಿಲ್ಲುವಾಗ ಮುಂದಕ್ಕೆ. ನಡುವೆ ಅದು ನೇರವಾಗಿ ಒಂದೇ ವೇಗದಲ್ಲಿ ಓಡುವಾಗ ಕಂಬ ಹಿಡಿಯುವ ಅಗತ್ಯವೇ ಕಾಣುವುದಿಲ್ಲ. ದೇಹಕ್ಕೆ ತಿಳಿಯುವುದು ವೇಗವಲ್ಲ, ವೇಗದ ಬದಲಾವಣೆ.

ಈ ಬದಲಾವಣೆ ಏಕರೂಪವಾಗಿದ್ದಾಗ ಮೂರು ಸಮೀಕರಣಗಳೂ ಅನ್ವಯಿಸುತ್ತವೆ. ಆರಂಭದ ವೇಗಕ್ಕೆ ಗಳಿಸಿದ ವೇಗವನ್ನು ಕೂಡಿದರೆ ಕೊನೆಯ ವೇಗ, ಇದು ಮೊದಲನೆಯದು. ಸರಾಸರಿ ವೇಗವನ್ನು ಕಾಲದಿಂದ ಗುಣಿಸಿದರೆ ದೂರ. ಎರಡನೆಯದರಲ್ಲಿ ಮಕ್ಕಳನ್ನು ಕಾಡುವ 'ಅರ್ಧ' ಈ ಸರಾಸರಿಯಿಂದಲೇ ಬಂದದ್ದು. ನಿಶ್ಚಲ ಸ್ಥಿತಿಯಿಂದ ಬೀಳುವ ವಸ್ತು ಸಮಾನ ಕಾಲಾಂಶಗಳಲ್ಲಿ 1, 3, 5, 7 ಎಂಬ ಬೆಸಸಂಖ್ಯೆಗಳ ಪ್ರಮಾಣದಲ್ಲಿ ದೂರ ಕ್ರಮಿಸುತ್ತದೆಂದು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಕೂಡುತ್ತ ಹೋದರೆ 1, 4, 9, 16, ಎಲ್ಲವೂ ವರ್ಗಸಂಖ್ಯೆಗಳೇ.

ಮೂರನೆಯ ಸಮೀಕರಣದಲ್ಲಿ ಕಾಲವಿಲ್ಲ. ವೇಗದ ವರ್ಗಕ್ಕೂ ದೂರಕ್ಕೂ ಇರುವ ಸಂಬಂಧವಿದೆ. ಗೃಹಸ್ಥರು ಮುಖ್ಯವಾಗಿ ಗಮನಿಸಬೇಕಾದುದು ಇದನ್ನೇ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಬ್ರೇಕು ಆ ವೇಗವನ್ನು ಸೆಕೆಂಡಿಗೆ 5 ಮೀಟರಿನಂತೆ ಇಳಿಸುತ್ತದೆಂದಿಟ್ಟುಕೊಂಡರೆ ಗಾಡಿ 10 ಮೀಟರಿನಲ್ಲಿ ನಿಲ್ಲುತ್ತದೆ. ವೇಗ 72 ಆದರೆ 20 ಮೀಟರ್ ಸಾಲದು, 40 ಬೇಕು. ಅಪಾಯ ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು ಹಿಡಿದರೆ, ಅಷ್ಟರಲ್ಲೇ ಸಾಗಿದ ದೂರವೂ ಸೇರಿ ಕ್ರಮವಾಗಿ 20 ಮತ್ತು 60 ಮೀಟರ್. ಒದ್ದೆ ರಸ್ತೆಯಲ್ಲಿ ಇದು ಇನ್ನೂ ಹೆಚ್ಚು.

ಈ ಲೆಕ್ಕಕ್ಕೆ ಪೂರ್ಣ ಅಂಕ ಪಡೆದಿದ್ದ ನಮ್ಮ ಬಂಧುಗಳ ಮಗನೊಬ್ಬ ಎರಡು ವರ್ಷಗಳ ಹಿಂದೆ ಬೈಕಿನಿಂದ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದನು. ನೋಡಲು ಹೋದಾಗ, "ಬ್ರೇಕು ಹಿಡಿದೆ ತಾತ, ಗಾಡಿ ನಿಲ್ಲಲಿಲ್ಲ" ಎಂದನು. ಬ್ರೇಕಿನಲ್ಲಿ ದೋಷವಿರಲಿಲ್ಲ, ಅದಕ್ಕೆ ಬೇಕಾದಷ್ಟು ದೂರ ಉಳಿದಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಅವನು ಬಲ್ಲವನಾಗಿದ್ದ ವಿಷಯವು ರಸ್ತೆಯಲ್ಲಿ ಅವನೊಂದಿಗೆ ಇರಲಿಲ್ಲ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಗನಿಗಾಗಲಿ ಮಗಳಿಗಾಗಲಿ ಗಾಡಿಯ ಕೀಲಿ ಕೊಡುವ ಮುನ್ನ, ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ಎಷ್ಟು ಮಡಿಯಾಗುತ್ತದೆಂದು ಕೇಳಿರಿ. ನಾಲ್ಕು ಮಡಿ ಎಂದರೆ ಸಾಲದು. ಏಕೆಂದು ಅವರ ಮಾತಿನಲ್ಲೇ ಹೇಳಿಸಿರಿ.